ಪುಟದಲ್ಲಿ ಬೀಳುವ ಹೊಂಡಗಳು

ಮಂಗಳೂರು ದಸರಾದ ಶೋಭಾಯಾತ್ರೆ ಮುಗಿದ ಮರುದಿನ ಊರಿನ ಸುದ್ದಿ ಜಾಲತಾಣಗಳಲ್ಲಿ ಫೋಟೊಗಳದ್ದೇ ಸುಗ್ಗಿ. ಕುದ್ರೋಳಿಯ ಶಾರದೆ, ನವದುರ್ಗೆಯರು, ಸ್ತಬ್ಧಚಿತ್ರಗಳು, ಬಣ್ಣದ ಕೊಡೆಗಳು, ನಡುನಡುವೆ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿಗಳು. ನೋಡುವವರಿಗೆ ಸಂಭ್ರಮ, ಅಷ್ಟನ್ನೂ ಒಂದೇ ಪುಟದಲ್ಲಿ ಕೂರಿಸಬೇಕಾದ ವೆಬ್ ಹುಡುಗನಿಗೆ ತಲೆಬಿಸಿ. ಫೋಟೊಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಮೊಬೈಲ್ ಹಿಡಿದು ತೆಗೆದ ಹುಲಿವೇಷ ನೀಟಕ್ಕೆ ನಿಂತಿರುತ್ತದೆ, ಡ್ರೋನ್ ತೆಗೆದ ಮೆರವಣಿಗೆ ಅಡ್ಡಕ್ಕೆ ಮಲಗಿರುತ್ತದೆ, ಇನ್‌ಸ್ಟಾಗ್ರಾಮಿಗೆಂದೇ ಕತ್ತರಿಸಿಟ್ಟದ್ದು ಚೌಕ. ದಸರಾ ಕಳೆದು ಕಂಬಳ ಬಂತೆಂದರೆ ಕೆಸರಿನ ಕರೆಯ ಉದ್ದಕ್ಕೆ ಓಡುವ ಕೋಣಗಳ ಚಿತ್ರ ಇನ್ನೂ ಅಗಲ. ಕೋಲದ ಅಣಿ ಕಟ್ಟಿದ ದೈವದ ಚಿತ್ರ ಇನ್ನೂ ಎತ್ತರ.

ಇವನ್ನೆಲ್ಲ ಸಾಮಾನ್ಯ ಗ್ರಿಡ್‌ನಲ್ಲಿ ಜೋಡಿಸಿದರೆ ಏನಾಗುತ್ತದೆ ನೋಡಿ. ಮೂರು ಕಾಲಂ, ಪ್ರತಿಯೊಂದೂ 300 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಮೊದಲ ಸಾಲಿನಲ್ಲಿ 450 ಎತ್ತರದ ಹುಲಿ, 200 ಎತ್ತರದ ಮೆರವಣಿಗೆ, 300ರ ಚೌಕದ ಶಾರದೆ. ಗ್ರಿಡ್ ಸಾಲುಸಾಲಾಗಿ ಲೆಕ್ಕ ಹಾಕುತ್ತದೆ. ಸಾಲಿನಲ್ಲಿ ಯಾರು ಎತ್ತರವೋ ಅವರದೇ ಅಳತೆ. ಹುಲಿಯ 450ರ ತನಕ ಎರಡನೆಯ ಸಾಲು ಶುರುವಾಗುವಂತಿಲ್ಲ. ಮೆರವಣಿಗೆಯ ಕೆಳಗೆ 250 ಪಿಕ್ಸೆಲ್ ಖಾಲಿ, ಶಾರದೆಯ ಕೆಳಗೆ 150 ಖಾಲಿ. ಪುಟ ಕೆಳಗೆ ಹೋದಷ್ಟೂ ಖಾಲಿ ಜಾಗ ಅಲ್ಲಲ್ಲಿ ಬಾಯಿ ತೆರೆದುಕೊಂಡೇ ಇರುತ್ತದೆ. ತಾಣದ ಯಜಮಾನರಿಂದ ಫೋನ್ ಬರುತ್ತದೆ: "ಎಂತ ಮಾರಾಯ, ಮೊಬೈಲಲ್ಲಿ ಸರಿ ಬರ್ತದೆ, ಕಂಪ್ಯೂಟರಲ್ಲಿ ನೋಡಿದ್ರೆ ಪೂರಾ ಹೊಂಡ ಹೊಂಡ!"

ಹೊಂಡ ಮುಚ್ಚಲು ಸುಲಭದ ದಾರಿ ಕತ್ತರಿ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿಬಿಟ್ಟರೆ ಸಾಲು ಸಪಾಟಾಗುತ್ತದೆ. ಆದರೆ ಕತ್ತರಿ ಎಲ್ಲಿ ಬೀಳುತ್ತದೆ? ಚಿತ್ರದ ನಡುಭಾಗ ಉಳಿಸಿಕೊಂಡು ಮೇಲೆ ಕೆಳಗೆ ಕತ್ತರಿಸುವುದು ಬ್ರೌಸರ್‌ನ ರೂಢಿ. ಕೋಲದ ಚಿತ್ರದಲ್ಲಿ ಮೊದಲು ಹೋಗುವುದು ಅಣಿ, ಯಕ್ಷಗಾನದಲ್ಲಿ ಕಿರೀಟ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿದ ಭಿತ್ತಿಚಿತ್ರಗಳನ್ನು ಹೀಗೆ ಚೌಕಕ್ಕೆ ಕತ್ತರಿಸಿ ತೋರಿಸಿದರೆ ಅದು ಆ ಚಿತ್ರಗಳಿಗೆ ಮಾಡುವ ಅನ್ಯಾಯ. ಆಕಾರವೇ ಅರ್ಥವಾಗಿರುವ ಊರಿನಲ್ಲಿ ಕತ್ತರಿ ಉತ್ತರವಲ್ಲ.

ಉಳಿದ ದಾರಿ ಮ್ಯಾಸನ್ರಿ, ಅಂದರೆ ಕಲ್ಲು ಕಟ್ಟುವವರ ರೀತಿ. ಕಾಲಂಗಳ ಅಗಲ ಮಾತ್ರ ನಿಗದಿ, ಸಾಲು ಎಂಬುದೇ ಇಲ್ಲ. ಮೊದಲ ಮೂರು ಚಿತ್ರ ಮೇಲೆ ಕೂತ ಮೇಲೆ ನಾಲ್ಕನೆಯದು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ಸದ್ಯ ಯಾವ ಕಾಲಂ ಅತಿ ಗಿಡ್ಡವೋ ಅದರ ಕೆಳಗೆ. ನಮ್ಮ ಲೆಕ್ಕದಲ್ಲಿ 200ಕ್ಕೆ ನಿಂತ ಮೆರವಣಿಗೆಯ ಕಾಲಂ. ಅಲ್ಲಿಗೆ 450ರ ಇನ್ನೊಂದು ಹುಲಿ ಬಂದು ಕೂತರೆ ಆ ಕಾಲಂ ಈಗ ಎಲ್ಲಕ್ಕಿಂತ ಉದ್ದ. ಐದನೆಯ ಚಿತ್ರ 300ಕ್ಕೆ ನಿಂತ ಶಾರದೆಯ ಕೆಳಗೆ. ಇಷ್ಟೇ ವಿದ್ಯೆ. ನಾಲ್ಕು ಸಾಲಿನ ಪ್ರೋಗ್ರಾಮ್‌ನಲ್ಲಿ ಬರೆಯಬಹುದು.

ಕಗ್ಗಲ್ಲಿನ ಪಾಗಾರ ಕಟ್ಟುವವರ ಕೆಲಸಕ್ಕೂ ಇದಕ್ಕೂ ಹೋಲಿಕೆ ಇದೆ, ಒಂದು ಮುಖ್ಯ ವ್ಯತ್ಯಾಸವೂ ಇದೆ. ಕೆಂಪುಕಲ್ಲು ಒಂದೇ ಅಳತೆಗೆ ಕೊರೆದು ಬರುತ್ತದೆ, ವರಸೆಯ ಮೇಲೆ ವರಸೆ ಇಟ್ಟರೆ ಆಯಿತು. ಅದು ಸಾಮಾನ್ಯ ಗ್ರಿಡ್. ಒರಟು ಕಗ್ಗಲ್ಲಾದರೆ ಮೇಸ್ತ್ರಿ ಸಂದು ನೋಡಿ, ರಾಶಿಯಲ್ಲಿ ಹುಡುಕಿ, ಅದಕ್ಕೆ ಒಪ್ಪುವ ಕಲ್ಲನ್ನೇ ಎತ್ತಿ ಇಡುತ್ತಾನೆ. ಮ್ಯಾಸನ್ರಿಯಲ್ಲಿ ಬ್ರೌಸರ್‌ಗೆ ಆ ಸ್ವಾತಂತ್ರ್ಯವಿಲ್ಲ. ಸರದಿಯಲ್ಲಿ ಮುಂದಿರುವ ಕಲ್ಲನ್ನೇ ಎತ್ತಬೇಕು, ಎಲ್ಲಿ ಇಡುವುದು ಎಂಬುದಷ್ಟೇ ಅದರ ಆಯ್ಕೆ. ಕಲ್ಲು ಆರಿಸುವ ಕೆಲಸವನ್ನೂ ಅದಕ್ಕೇ ಬಿಡುವ ಏರ್ಪಾಡು ಗ್ರಿಡ್‌ನಲ್ಲಿ 'ಡೆನ್ಸ್' ಎಂಬ ಹೆಸರಿನಲ್ಲಿ ಇದೆ. ಅದನ್ನು ಬಳಸಿದರೆ ಹೊಂಡ ಕಡಿಮೆಯಾಗುತ್ತದೆ ನಿಜ, ಆದರೆ ಇಪ್ಪತ್ತನೆಯ ಚಿತ್ರ ಐದನೆಯದಕ್ಕಿಂತ ಮೊದಲು ಕಾಣಿಸಿಕೊಳ್ಳಬಹುದು. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವ ಕ್ರಮ ಒಂದು, ಕಣ್ಣಿಗೆ ಕಾಣುವ ಕ್ರಮ ಇನ್ನೊಂದು. ಕೀಬೋರ್ಡಿನ ಟ್ಯಾಬ್ ಒತ್ತುತ್ತಾ ಹೋದರೆ ಪುಟದಲ್ಲಿ ಕಪ್ಪೆ ಕುಪ್ಪಳಿಸಿದ ಹಾಗೆ ಗುರುತು ಅಲ್ಲಿಂದಿಲ್ಲಿಗೆ ಹಾರುತ್ತದೆ.

ಈ ಬಗೆಯ ಜೋಡಣೆಗೆ ವೆಬ್‌ನಲ್ಲಿ ಹೆಸರು ಹಾಕಿಕೊಟ್ಟವರು ಡೇವಿಡ್ ಡಿಸ್ಯಾಂಡ್ರೊ. 2009ರಲ್ಲಿ ಅವರು 'ಮ್ಯಾಸನ್ರಿ' ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಹೊರತಂದರು. ಮರುವರ್ಷ ಪಿಂಟರೆಸ್ಟ್ ಶುರುವಾಯಿತು, ನೋಡನೋಡುತ್ತಿದ್ದಂತೆ ಈ ಜೋಡಣೆ ಜಗತ್ತಿಗೆಲ್ಲ ಪರಿಚಯವಾಯಿತು. ಮದುವೆ ಫೋಟೊಗ್ರಾಫರ್‌ಗಳು, ಸೀರೆ ಅಂಗಡಿಗಳು, ಒಳಾಂಗಣ ವಿನ್ಯಾಸದವರು ಎಲ್ಲರಿಗೂ 'ಪಿಂಟರೆಸ್ಟ್ ಥರದ್ದು' ಬೇಕಾಯಿತು. ಮಂಗಳೂರಿನಲ್ಲಿ ಇಂದಿಗೂ ಗ್ರಾಹಕರು ಕೇಳುವುದು ಅದೇ ಮಾತಿನಲ್ಲಿ.

ಡಿಸ್ಯಾಂಡ್ರೊ ಲೈಬ್ರರಿ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಆ ಕೆಲಸ ನಡೆಯುವ ಜಾಗದಲ್ಲಿ. ಬ್ರೌಸರ್ ಮೊದಲು ಪುಟವನ್ನು ತನ್ನ ಪಾಡಿಗೆ ಜೋಡಿಸುತ್ತದೆ. ಆಮೇಲೆ ಜಾವಾಸ್ಕ್ರಿಪ್ಟ್ ಬಂದು ಪ್ರತಿ ಕಾರ್ಡಿನ ಎತ್ತರ ಅಳೆದು, ಇಷ್ಟು ಎಡಕ್ಕೆ ಇಷ್ಟು ಕೆಳಕ್ಕೆ ಎಂದು ಸ್ಥಾನ ಬರೆದು, ಎಲ್ಲವನ್ನೂ ಎತ್ತಿ ಮರುಜೋಡಣೆ ಮಾಡುತ್ತದೆ. ಅಳೆಯುವ ಹೊತ್ತಿಗೆ ಫೋಟೊ ಇಳಿದು ಬಂದಿರದಿದ್ದರೆ ಅದರ ಎತ್ತರ ಸೊನ್ನೆ. ಫೋಟೊ ಬಂದ ಮೇಲೆ ಇನ್ನೊಮ್ಮೆ ಅಳತೆ, ಇನ್ನೊಮ್ಮೆ ಜೋಡಣೆ. ಈ ಕಾರಣಕ್ಕೇ ಡಿಸ್ಯಾಂಡ್ರೊ 'ಇಮೇಜಸ್‌ಲೋಡೆಡ್' ಎಂಬ ಇನ್ನೊಂದು ಲೈಬ್ರರಿಯನ್ನೂ ಕೊಡಬೇಕಾಯಿತು. ಮಳೆಗಾಲದಲ್ಲಿ ನೆಟ್‌ವರ್ಕ್ ಎರಡು ಕಡ್ಡಿಗೆ ಇಳಿದಾಗ ಇಂಥ ಪುಟ ತೆರೆದವರಿಗೆ ಗೊತ್ತು: ಒಂದು ಚಿತ್ರವನ್ನು ಒತ್ತಲು ಹೋದರೆ ಬೆರಳು ತಾಗುವಷ್ಟರಲ್ಲಿ ಅದು ಕೆಳಗೆ ಜಾರಿ, ಜಾಹೀರಾತು ಬಂದು ಬೆರಳಡಿ ಕೂತಿರುತ್ತದೆ. ಗೂಗಲ್ 2020ರಲ್ಲಿ ಪುಟಗಳ ಗುಣ ಅಳೆಯಲು ತಂದ ಮಾನದಂಡಗಳಲ್ಲಿ ಈ ಜಾರಾಟಕ್ಕೂ ಒಂದು ಅಂಕ ಇದೆ. ಅದು 0.1 ದಾಟಬಾರದು.

ಫೋಟೊದ ಮಟ್ಟಿಗೆ ಇದಕ್ಕೆ ಮದ್ದು ಸರಳ. ಚಿತ್ರದ ಅಗಲ ಎತ್ತರಗಳನ್ನು ಎಚ್‌ಟಿಎಂಎಲ್‌ನಲ್ಲೇ ಬರೆದುಬಿಟ್ಟರೆ, ಚಿತ್ರ ಬರುವ ಮೊದಲೇ ಬ್ರೌಸರ್ ಆ ಪ್ರಮಾಣದ ಜಾಗ ಕಾದಿರಿಸುತ್ತದೆ. ಇಷ್ಟು ಮಾಡದೆ ಲೈಬ್ರರಿಗೆ ಬೈಯುವವರೇ ಹೆಚ್ಚು.

ಆದರೆ ಕಾರ್ಡ್ ಎಂದರೆ ಬರೀ ಫೋಟೊ ಅಲ್ಲ. ಕೆಳಗೆ ಶೀರ್ಷಿಕೆ ಇದೆ, ಎರಡು ಸಾಲು ವಿವರ ಇದೆ. ಅದು ಕನ್ನಡದಲ್ಲಿದ್ದರೆ ಲೆಕ್ಕವೇ ಬೇರೆ. ಇಂಗ್ಲಿಷಿನ ಸಿದ್ಧ ಥೀಮ್ ತಂದು ಕನ್ನಡ ತುಂಬಿಸುವವರಿಗೆ ಇದು ಅರ್ಥವಾಗುವುದು ಏಟು ತಿಂದ ಮೇಲೆ.

ಮೊದಲನೆಯದು ಒತ್ತಕ್ಷರ. 'ಸ್ವಾತಂತ್ರ್ಯ' ಎಂಬ ಪದ ಗೆರೆಯ ಕೆಳಗೂ ಸಾಕಷ್ಟು ಇಳಿಯುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಇದ್ದರೆ ಸಾಕು, ಕನ್ನಡಕ್ಕೆ ಅಷ್ಟೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘದ ತಲೆ ಮೇಲೆ ಕೂರುತ್ತದೆ. 1.6ರ ಆಸುಪಾಸಿಗೆ ಏರಿಸಿದರೆ ಓದಲು ಹಿತ. ಎರಡನೆಯದು ಪದದ ಉದ್ದ. 'ಮಹಾನಗರಪಾಲಿಕೆಯವರಿಗೆ', 'ವಿದ್ಯಾರ್ಥಿವೇತನಕ್ಕಾಗಿ' ಇಂಥ ಒಂದೊಂದು ಪದವೂ ಒಂದೊಂದು ರೈಲು. 360 ಪಿಕ್ಸೆಲ್ ಅಗಲದ ಮೊಬೈಲ್‌ನಲ್ಲಿ ಎರಡು ಕಾಲಂ ಮಾಡಿದರೆ ತಲಾ 170 ಸಿಗುತ್ತದೆ. ದಪ್ಪ ಅಕ್ಷರದಲ್ಲಿ ಒಂದು ಸಾಲಿಗೆ ಒಂದೇ ಪದ, ಅದೂ ಕಾಲಂ ದಾಟಿ ಹೊರಗೆ ಇಣುಕುತ್ತದೆ. ನನ್ನ ಮಟ್ಟಿಗೆ, ಶೀರ್ಷಿಕೆ ಇರುವ ಕನ್ನಡ ಕಾರ್ಡುಗಳನ್ನು ಸಣ್ಣ ಮೊಬೈಲ್‌ನಲ್ಲಿ ಎರಡು ಕಾಲಂನಲ್ಲಿ ತೋರಿಸುವ ಹಟವನ್ನೇ ಬಿಡಬೇಕು.

ಮೂರನೆಯದು, ಎಲ್ಲಕ್ಕಿಂತ ಕಾಡುವುದು, ಫಾಂಟ್. ಅದೇ ಶೀರ್ಷಿಕೆ ಹಳೆಯ ವಿಂಡೋಸ್‌ನಲ್ಲಿ ತುಂಗಾ ಫಾಂಟ್‌ನಲ್ಲಿ ಕಾಣುತ್ತದೆ, ವಿಂಡೋಸ್ 8ರಿಂದೀಚೆಗೆ ನಿರ್ಮಲಾದಲ್ಲಿ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡದಲ್ಲಿ, ಆ್ಯಪಲ್ ಸಾಧನಗಳಲ್ಲಿ ಮತ್ತೊಂದರಲ್ಲಿ. ಒಂದರಲ್ಲಿ ಎರಡು ಸಾಲಿಗೆ ಹಿಡಿಸಿದ್ದು ಇನ್ನೊಂದರಲ್ಲಿ ಮೂರು ಸಾಲಿಗೆ ಹೋಗುತ್ತದೆ. ಕಾರ್ಡಿನ ಎತ್ತರ ಬದಲಾದರೆ ಅದರ ನಂತರದ ಕಾರ್ಡುಗಳ ಜಾಗವೂ ಬದಲಾಗಬಹುದು. ತಾಣದವರೇ ಫಾಂಟ್ ಕಳುಹಿಸಿದರೂ ಅದು ಪುಟಕ್ಕಿಂತ ತಡವಾಗಿ ಬರುತ್ತದೆ. ಜಾವಾಸ್ಕ್ರಿಪ್ಟ್ ಮೊದಲ ಫಾಂಟ್‌ನಲ್ಲಿ ಅಳತೆ ತೆಗೆದುಕೊಂಡು ಕಾರ್ಡುಗಳನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿರುತ್ತದೆ, ಆಮೇಲೆ ನಿಜವಾದ ಫಾಂಟ್ ಬಂದು ಶೀರ್ಷಿಕೆ ಒಂದು ಸಾಲು ಬೆಳೆಯುತ್ತದೆ. ಬೆಳೆದ ಸಾಲಿಗೆ ಜಾಗವಿಲ್ಲ. 'ಶೋಭಾಯಾತ್ರೆಯಲ್ಲಿ ಜನಸಾಗರ' ಎಂಬ ಶೀರ್ಷಿಕೆಯ 'ಜನಸಾಗರ' ಕೆಳಗಿನ ಕಾರ್ಡಿನ ಫೋಟೊದಡಿ ಮುಳುಗಿಹೋಗುತ್ತದೆ. ಕಿಟಕಿಯನ್ನು ಸ್ವಲ್ಪ ಎಳೆದು ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ, ಏಕೆಂದರೆ ಆಗ ಹೊಸದಾಗಿ ಅಳತೆ ನಡೆಯುತ್ತದೆ. ವೆಬ್ ಹುಡುಗನ ಕಂಪ್ಯೂಟರಲ್ಲಂತೂ ಈ ದೋಷ ಕಾಣಿಸುವುದೇ ಇಲ್ಲ. ಅವನಲ್ಲಿ ಫಾಂಟ್ ಆಗಲೇ ಇಳಿದು ಕೂತಿರುತ್ತದೆ. ಕಾಣಿಸುವುದು ಮೊದಲ ಸಲ ಬಂದ ಓದುಗರಿಗೆ, ಅಂದರೆ ಮಸ್ಕತ್‌ನಲ್ಲೋ ದುಬೈಯಲ್ಲೋ ಕೂತು ಊರಿನ ದಸರಾ ನೋಡುವವರಿಗೆ.

ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡಬೇಕೆಂಬ ತಲೆಬಿಸಿ ಈ ಕಡೆಯವರಿಗೆ ಹೊಸತೇನಲ್ಲ. ಕನ್ನಡದ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಇಲ್ಲೇ ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ರಲ್ಲಿ ಸೇರಿತು. ಇನ್ನು ಆ ಲಿಪಿಯ ಶೀರ್ಷಿಕೆಗಳೂ ಕಾರ್ಡುಗಳಲ್ಲಿ ಬರಲಿವೆ, ಅವುಗಳ ಎತ್ತರವನ್ನೂ ಮೊದಲೇ ಊಹಿಸಲು ಯಾರಿಂದಲೂ ಆಗದು.

ಪುಟ ಕಟ್ಟುವ ಕೆಲಸದಲ್ಲಿ ಮಂಗಳೂರಿಗೆ ಹಳೆಯ ಅನುಭವವಿದೆ. ಬಾಸೆಲ್ ಮಿಷನ್ ಇಲ್ಲಿ 1841ರಲ್ಲಿ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚು ಎಂದರೆ ಕೈಬರಹ. ಜಾಗ ಸಾಲದಿದ್ದರೆ ಅಕ್ಷರವನ್ನು ಒಂದಿಷ್ಟು ಒತ್ತಿ ಬರೆದರೆ ಸಾಲು ಹಿಡಿಯುತ್ತದೆ. ಅಚ್ಚಿನ ಮೊಳೆಯ ಕಾಲಕ್ಕೆ ಆ ಸಲಿಗೆ ಹೋಯಿತು. 1894ರಲ್ಲಿ ಕಿಟೆಲ್ ನಿಘಂಟು ಇದೇ ಮುದ್ರಣಾಲಯದಿಂದ ಬರುವಾಗ ಸಾವಿರಾರು ನಮೂದುಗಳನ್ನು ಒಂದೊಂದೇ ಮೊಳೆ ಜೋಡಿಸಿ ಕಾಲಂಗೆ ಇಳಿಸಿದ್ದರು. ಪತ್ರಿಕೆಯ ಡೆಸ್ಕ್‌ನಲ್ಲಿ ಪೇಜ್ ಮಾಡುವವರ ಕೈಯಲ್ಲಿ ಆಗಲೂ ಈಗಲೂ ಇರುವ ಆಯುಧ ಒಂದೇ. ವರದಿ ಉದ್ದವಾದರೆ ಕೊನೆಯ ಪ್ಯಾರಾ ಹೊಡೆದುಹಾಕು, ಗಿಡ್ಡವಾದರೆ ಫಿಲ್ಲರ್ ಹಾಕು, ಇಲ್ಲವೇ ಫೋಟೊವನ್ನು ಅರ್ಧ ಕಾಲಂ ಹಿಗ್ಗಿಸು. ಪೇಜ್‌ಮೇಕರ್ ಬಂದರೂ ಕ್ವಾರ್ಕ್ ಬಂದರೂ ಇನ್‌ಡಿಸೈನ್ ಬಂದರೂ ಬದಲಾಗದ ವಿದ್ಯೆ ಇದು. ಕಾಗದದ ಅಳತೆ ಗೊತ್ತಿದೆ, ಫಾಂಟ್ ಗೊತ್ತಿದೆ, ಓದುಗರೆಲ್ಲರಿಗೂ ಅದೇ ಪುಟ.

ವೆಬ್‌ನಲ್ಲಿ ಈ ಮೂರೂ ಗೊತ್ತಿಲ್ಲ. ಹೀಗಾಗಿ ನನಗನ್ನಿಸುವುದು, ಹೊಂಡ ಮುಚ್ಚುವ ಲೆಕ್ಕ ಪುಟ ಬರೆದವರ ಕೈಯಲ್ಲಿ ಇರಬಾರದು. ಓದುಗರ ಫಾಂಟ್, ಪರದೆಯ ಅಗಲ, ಚಿತ್ರ ಬಂದಿತೋ ಇಲ್ಲವೋ ಎಂಬುದು ಆ ಕ್ಷಣಕ್ಕೆ ಗೊತ್ತಿರುವುದು ಬ್ರೌಸರ್‌ಗೆ ಮಾತ್ರ. ಅದೇ ಮಾಡಲಿ.

ಬ್ರೌಸರ್ ತಯಾರಕರಿಗೂ ಇದು ಗೊತ್ತಿತ್ತು. ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಗ್ರಿಡ್ 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಒಂದೇ ತಿಂಗಳಲ್ಲಿ ಬಂದದ್ದು ವೆಬ್‌ನ ಚರಿತ್ರೆಯಲ್ಲಿ ಅಪರೂಪ. ಮ್ಯಾಸನ್ರಿಯ ಹಣೆಬರಹ ಹಾಗಾಗಲಿಲ್ಲ. 2020ರಲ್ಲಿ ಮೊಜಿಲ್ಲಾದ ಮಾಟ್ಸ್ ಪಾಮ್‌ಗ್ರೆನ್ ಇದನ್ನು ಗ್ರಿಡ್‌ನ ಭಾಗವಾಗಿಯೇ ಮಾಡಬಹುದೆಂದು ಕರಡು ಕೊಟ್ಟರು. ಸಾಲುಗಳ ಜಾಗದಲ್ಲಿ 'ಮ್ಯಾಸನ್ರಿ' ಎಂದು ಬರೆದರೆ ಮುಗಿಯಿತು. ಫೈರ್‌ಫಾಕ್ಸ್ 77ರಲ್ಲಿ ಅದು ಬಂತು, ಆದರೆ ಒಳಗಿನ ಒಂದು ಸ್ವಿಚ್ ಹಾಕಿದವರಿಗೆ ಮಾತ್ರ. ಆಮೇಲೆ ನಾಲ್ಕು ವರ್ಷ ಬಹುತೇಕ ಮೌನ.

2024ರ ಏಪ್ರಿಲ್‌ನಲ್ಲಿ ಆ್ಯಪಲ್‌ನ ವೆಬ್‌ಕಿಟ್ ತಂಡ ಗ್ರಿಡ್ ಪಕ್ಷ ಹಿಡಿದು ಮಾತೆತ್ತಿತು. ಮರುತಿಂಗಳೇ ಕ್ರೋಮ್ ಕಡೆಯಿಂದ ರೇಚಲ್ ಆ್ಯಂಡ್ರೂ ಎದುರು ವಾದ ಮುಂದಿಟ್ಟರು: ಇದನ್ನು ಗ್ರಿಡ್‌ಗೆ ತುರುಕಬೇಡಿ, ಬೇರೆಯದೇ ಆಗಿ ಮಾಡಿ. ಕ್ರೋಮ್ ತಂಡದ ತಕರಾರಿನಲ್ಲಿ ಹುರುಳಿತ್ತು. ಗ್ರಿಡ್‌ನಲ್ಲಿ ಮೊದಲು ಯಾರು ಎಲ್ಲಿ ಎಂದು ನಿಗದಿಯಾಗುತ್ತದೆ, ಆಮೇಲೆ ಒಳಗಿರುವ ವಸ್ತುವಿಗೆ ತಕ್ಕಂತೆ ಕಾಲಂನ ಅಗಲ. ಮ್ಯಾಸನ್ರಿಯಲ್ಲಿ ಯಾರು ಎಲ್ಲಿ ಎಂಬುದು ಎತ್ತರದ ಮೇಲೆ, ಎತ್ತರ ಅಗಲದ ಮೇಲೆ ನಿಂತಿದೆ. ಕಾಲಂಗಳ ಅಗಲ ಬೇರೆಬೇರೆಯಾಗಿದ್ದು, ಅದೂ ಒಳಗಿನ ವಸ್ತುವನ್ನು ನೋಡಿ ನಿರ್ಧಾರವಾಗಬೇಕು ಎಂದರೆ ಬ್ರೌಸರ್ ಪ್ರತಿ ಕಾರ್ಡನ್ನೂ ಪ್ರತಿ ಕಾಲಂನಲ್ಲೂ ಇಟ್ಟು ಅಳೆದು ನೋಡಬೇಕು. ಒಂದರೊಳಗೆ ಇನ್ನೊಂದು ಮ್ಯಾಸನ್ರಿ ಇದ್ದರೆ ಲೆಕ್ಕ ಗುಣಾಕಾರವಾಗಿ ಏರುತ್ತದೆ, ಅಗ್ಗದ ಮೊಬೈಲ್ ಕೈಚೆಲ್ಲುತ್ತದೆ. ಚರ್ಚೆ ನಡೆದು ಕೊನೆಗೆ ರಾಜಿಯಾದದ್ದು ಹೀಗೆ: ಗ್ರಿಡ್‌ನ ಗುಣಗಳನ್ನೇ ಬಳಸಿಕೊಳ್ಳುವ, ಆದರೆ ತನ್ನದೇ ಹೆಸರಿರುವ ಜೋಡಣೆ. 'ಡಿಸ್‌ಪ್ಲೇ: ಗ್ರಿಡ್-ಲೇನ್ಸ್'. 2025ರ ಡಿಸೆಂಬರ್‌ನಲ್ಲಿ ವೆಬ್‌ಕಿಟ್ ತಂಡ ಸಫಾರಿಯ ಪರೀಕ್ಷಾ ಆವೃತ್ತಿಯಲ್ಲಿ ಇದನ್ನು ಈ ಹೆಸರಿನಲ್ಲಿ ಪರಿಚಯಿಸಿತು.

ಇದರಲ್ಲಿ ಒಂದು ಸೂಕ್ಷ್ಮ ನನಗೆ ಹಿಡಿಸಿತು. ಎರಡು ಕಾಲಂಗಳ ನಡುವೆ ಬರೀ ಒಂದೆರಡು ಪಿಕ್ಸೆಲ್ ವ್ಯತ್ಯಾಸವಿದ್ದರೆ, ಆ ಚಿಲ್ಲರೆ ವ್ಯತ್ಯಾಸಕ್ಕಾಗಿ ಮುಂದಿನ ಕಾರ್ಡನ್ನು ದೂರದ ಕಾಲಂಗೆ ಎಸೆಯಬೇಕೆ? ಬೇಡ. ಎಷ್ಟು ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಬರೆಯಲು ಅವಕಾಶವಿದೆ. ಫಾಂಟ್ ಬದಲಾದಾಗೆಲ್ಲ ಚೂರುಪಾರು ಏರಿಳಿಯುವ ಕನ್ನಡ ಕಾರ್ಡುಗಳಿಗೆ ಇದು ಹೇಳಿ ಮಾಡಿಸಿದ್ದು.

ಹಾಗಾದರೆ ಎಲ್ಲ ಬ್ರೌಸರ್‌ಗಳಿಗೂ ಬರುವ ತನಕ ಕಾಯಬೇಕೇ? ಬೇಕಿಲ್ಲ. ಮೊದಲು ಸಾಮಾನ್ಯ ಗ್ರಿಡ್ ಬರೆಯಿರಿ. ಅದರ ಕೆಳಗೆ 'ಸಪೋರ್ಟ್ಸ್' ಎಂಬ ಷರತ್ತು ಹಾಕಿ, ಗ್ರಿಡ್-ಲೇನ್ಸ್ ಅರ್ಥವಾಗುವ ಬ್ರೌಸರ್‌ಗೆ ಮಾತ್ರ ಹೊಸ ಜೋಡಣೆ ಕೊಡಿ. ಅರ್ಥವಾಗದ್ದು ಆ ಭಾಗವನ್ನು ದಾಟಿ ಮುಂದೆ ಹೋಗುತ್ತದೆ. ಅಂಥ ಕಡೆ ಹೊಂಡ ಕಾಣುತ್ತದೆ, ಕಾಣಲಿ, ಶೀರ್ಷಿಕೆಯಂತೂ ಮುಳುಗುವುದಿಲ್ಲ. ಐಫೋನ್ ವಿಷಯದಲ್ಲಿ ಒಂದು ಮಾತು. ನಮ್ಮ ದೇಶದ ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಸಫಾರಿಯ ವೆಬ್‌ಕಿಟ್ ಎಂಜಿನ್ನೇ. 'ಕ್ರೋಮ್‌ನಲ್ಲಿ ನೋಡಿದ್ದೇನೆ' ಎಂದು ಗ್ರಾಹಕರು ಹೇಳಿದರೆ ಯಾವ ಫೋನ್‌ನಲ್ಲಿ ಎಂದು ಕೇಳದೆ ಮುಂದುವರಿಯಬಾರದು.

ಜಾವಾಸ್ಕ್ರಿಪ್ಟ್ ಇಲ್ಲದೆ ಎಲ್ಲೆಡೆ ನಡೆಯುವ ಇನ್ನೊಂದು ಉಪಾಯ ಪತ್ರಿಕೆಯ ಕಾಲಂ ಮಾದರಿ, 'ಕಾಲಂ-ಕೌಂಟ್'. ಫೋಟೊ ಒಂದು ಕಾಲಂನಲ್ಲಿ, ಅದರ ಶೀರ್ಷಿಕೆ ಮುಂದಿನ ಕಾಲಂನ ನೆತ್ತಿಯಲ್ಲಿ ಎಂದಾಗದಂತೆ 'ಬ್ರೇಕ್-ಇನ್‌ಸೈಡ್: ಅವಾಯ್ಡ್' ಹಾಕಲು ಮರೆಯಬಾರದು. ಇದರ ದೋಷ ಕ್ರಮದಲ್ಲಿದೆ. ಮೊದಲ ಕಾಲಂ ಪೂರ್ತಿ ಇಳಿದ ಮೇಲೆ ಎರಡನೆಯದು ಶುರು. 'ಇನ್ನಷ್ಟು ಫೋಟೊ' ಒತ್ತಿದರೆ ಕಾಲಂಗಳು ಹೊಸದಾಗಿ ಸಮತೂಕಕ್ಕೆ ಬಂದು, ಅಲ್ಲಿ ಕಂಡ ಚಿತ್ರ ಇಲ್ಲಿಗೆ ಓಡಿರುತ್ತದೆ. ಒಮ್ಮೆ ಹಾಕಿ ಬಿಡುವ ಫೋಟೊ ಪುಟಕ್ಕೆ ಅಡ್ಡಿಯಿಲ್ಲ, ದಿನವೂ ಬೆಳೆಯುವ ಪುಟಕ್ಕೆ ಆಗದು.

ಇನ್ನು ಕಂಬಳ. ಮ್ಯಾಸನ್ರಿ ನೀಟದ ಚಿತ್ರಗಳ ಪಕ್ಷಪಾತಿ ಎಂಬುದನ್ನು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಅಗಲ ಒಂದೇ ಆದ್ದರಿಂದ ಎತ್ತರದ ದೈವ ರಾಜಗಾಂಭೀರ್ಯದಿಂದ ನಿಲ್ಲುತ್ತದೆ, ಕಂಬಳದ ಅಗಲ ಚಿತ್ರ 300 ಪಿಕ್ಸೆಲ್‌ಗೆ ಕುಗ್ಗಿ ಕೋಣಗಳು ಇರುವೆಗಳಾಗುತ್ತವೆ. ಓಡಿಸುವವನ ಮುಖ, ಚಿಮ್ಮುವ ಕೆಸರು ಯಾವುದೂ ಕಾಣದು. ಅಂಥ ಚಿತ್ರಕ್ಕೆ ಎರಡು ಕಾಲಂ ಕೊಡಬೇಕು. ಡಿಸ್ಯಾಂಡ್ರೊ ಲೈಬ್ರರಿಯಲ್ಲಿ ಅದು ಸಾಧ್ಯ, ಗ್ರಿಡ್-ಲೇನ್ಸ್‌ನಲ್ಲಿ 'ಸ್ಪ್ಯಾನ್ 2' ಎಂದರೆ ಸಾಕು, ಕಾಲಂ-ಕೌಂಟ್‌ನಲ್ಲಿ ಆಗುವುದಿಲ್ಲ. ಪಕ್ಕಪಕ್ಕದ ಎರಡು ಕಾಲಂ ಸರಿಸಮವಾಗಿರುವುದು ಅಪರೂಪವಾದ್ದರಿಂದ ಗಿಡ್ಡ ಕಾಲಂನ ಕೆಳಗೆ ಒಂದು ಹೊಂಡ ಉಳಿಯಬಹುದು. ಕೋಣಗಳಿಗಾಗಿ ಅಷ್ಟನ್ನು ಸಹಿಸಿಕೊಳ್ಳಬಹುದು.

ಸುದ್ದಿಯ ಮುಖಪುಟಕ್ಕೆ ಮಾತ್ರ ಈ ಜೋಡಣೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದು ಮುಖ್ಯ, ಯಾವುದು ಆಮೇಲೆ ಎಂದು ಹೇಳುವುದೇ ಸಂಪಾದಕರ ಕೆಲಸ. ಮ್ಯಾಸನ್ರಿಯಲ್ಲಿ ಆ ತೀರ್ಮಾನ ಫೋಟೊದ ಎತ್ತರಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ. ಅದಕ್ಕಿಂತ ಅಪಾಯದ್ದು ಸಭಾ ಕಾರ್ಯಕ್ರಮದ ಅತಿಥಿಗಳ ಪುಟ. ನಮ್ಮೂರಲ್ಲಿ ಆಮಂತ್ರಣ ಪತ್ರಿಕೆಯ ಹೆಸರಿನ ಕ್ರಮಕ್ಕೆ ಎಷ್ಟು ಬೆಲೆ ಎಂದು ಸಂಘಟಕರನ್ನು ಕೇಳಬೇಕು. ಮೂರು ಕಾಲಂನಲ್ಲಿ ಮೊದಲ ಮೂವರಿಗೆ ತೊಂದರೆಯಿಲ್ಲ, ಅವರು ಮೇಲೆಯೇ ಇರುತ್ತಾರೆ. ತಕರಾರು ಏಳುವುದು ನಾಲ್ಕನೆಯವರಿಂದ. ಗೌರವಾಧ್ಯಕ್ಷರು ತಮ್ಮ ಐಫೋನ್‌ನಲ್ಲಿ ಖಜಾಂಚಿಗಿಂತ ಮೇಲಿರುತ್ತಾರೆ, ಕಾರ್ಯದರ್ಶಿಯ ಕಂಪ್ಯೂಟರಲ್ಲಿ ಖಜಾಂಚಿಗಿಂತ ಒಂದು ಗೇಣು ಕೆಳಗೆ. ಇದು ಬ್ರೌಸರ್ ಮಾಡಿದ್ದು ಎಂದರೆ ಕೇಳುವವರಾರು? ಆ ಪುಟಕ್ಕೆ ಕತ್ತರಿಯೇ ಸರಿ. ಎಲ್ಲರಿಗೂ ಒಂದೇ ಅಳತೆಯ ಚೌಕ, ಹೆಸರು ಕೆಳಗೆ, ಕ್ರಮ ಆಮಂತ್ರಣ ಪತ್ರಿಕೆಯಲ್ಲಿ ಇದ್ದ ಹಾಗೆ.